ಒಂದೇ ಚೀಟಿ

ಐದು ವರ್ಷ ಎಲ್ಲರ ಕಣ್ಣೂ
ನನ್ನ ಹೊಟ್ಟೆಯ ಮೇಲೇ.
ನಾನೂ ಅಲ್ಲೇ ನೋಡುತ್ತಿದ್ದೆ.
ಕ್ಯಾಲೆಂಡರಿನ ಕೆಂಪು ಚುಕ್ಕೆ
ಮೂವತ್ತಕ್ಕೊಂದು, ಐವತ್ತಕ್ಕೊಂದು,
ಒಮ್ಮೆ ಕುತಾಯಿಸಿಯ ಚಳಿಗಾಲ ಪೂರ್ತಿ ಒಂದೂ ಇಲ್ಲ.
ಗದ್ದದಡಿ ಎರಡು ಒರಟು ಕೂದಲು,
ಕೀಳುತ್ತಿದ್ದೆ, ಯಾರಿಗೂ ಹೇಳದೆ.

ಮಾಲ್ಖಾಜನ ಲೆಕ್ಕ ಇಟ್ಟವರಾರು?
ನಸುಕಿಗೆದ್ದು, ಉರಿವ ಮಣ್ಣೊಲೆಯೊಳಗೆ
ಸೊಂಟದವರೆಗೂ ಬಾಗಿ
ದೋಣಿಯಂಥ ರೊಟ್ಟಿ ಬಡಿಯುವ ಗಂಡಸು;
ಅವನಿಗೇನು ಕಡಿಮೆ, ಎಂದರು.

ಡಾಕ್ಟರ್ ಲಮಾರಾ ಮಾತ್ರ
ಪೆನ್ನಿನ ತುದಿ ಅವನತ್ತ ತಿರುಗಿಸಿದರು:
ಚಿಕ್ಕವರಿದ್ದಾಗ ಮಂಗನಬಾವು ಆಗಿತ್ತೇ?
ಅವನು ನಕ್ಕ. ನೆನಪಿಲ್ಲ.

ಬಾಗಿಲ ಬಳಿ ಕೂತಿದ್ದ ಅತ್ತೆ
ಕೈಚೀಲದ ಗುಂಡಿ ಹಾಕಿದಳು, ತೆಗೆದಳು, ಹಾಕಿದಳು.
'ಹದಿನಾಲ್ಕರಲ್ಲಿ' ಅಂದಳು, ನೆಲಕ್ಕೆ.
'ಕೆನ್ನೆ ಇಳಿದ ಮೇಲೆ ಕೆಳಗೂ ಊದಿತ್ತು.
ವಾರವಿಡೀ ಕಾಲಗಲಿಸಿ ನಡೆದ.
ಕರೆಂಟಿಲ್ಲದ ವರ್ಷಗಳು ಅವು,
ಯಾರಿಗೆ ತೋರಿಸಲಿ? ವಾಸಿಯಾಯಿತು. ಮರೆತೆ.'

ಲಮಾರಾ ಇಬ್ಬರ ಹೆಸರನ್ನೂ
ಒಂದೇ ಚೀಟಿಯಲ್ಲಿ ಬರೆದರು:
ನನ್ನ ರಕ್ತ, ಅವನ ವೀರ್ಯ.
'ನೋಡೋಣ' ಎಂದರು, ಅಷ್ಟೇ.

ಬಸ್ಸಿನಲ್ಲಿ ಮಾಲ್ಖಾಜ್ ಮಾತಾಡಲಿಲ್ಲ.
ಅತ್ತೆ ನನ್ನ ಪಕ್ಕ ಕೂತಳು,
ಐದು ವರ್ಷದಲ್ಲಿ ಮೊದಲ ಸಲ
ಕಿಟಕಿಯಾಚೆ ನೋಡುತ್ತ.