ಹೆಸರು ಹಿಡಿದು

ಹಟ್ಟಿ ಕ್ಯಾಂಪಿನ ಸೈರನ್ನು ದಿನಕ್ಕೆ ಮೂರು ಸಲ ಕೂಗುತ್ತಿತ್ತು;
ನಮ್ಮ ಮನೆಗೆ ಅದೇ ಗಡಿಯಾರ, ಅದೇ ಕೋಳಿ.
ರಾತ್ರಿ ಪಾಳಿಗೆ ಹೊರಟ ಅಪ್ಪ
ಅಡುಗೆಮನೆಯ ಬಾಗಿಲಲ್ಲಿ ಬಾಗುತ್ತಿದ್ದ.
ಬೂಟಿನ ಕಾಲು ಹೊಸ್ತಿಲಾಚೆ, ತಲೆ ಮಾತ್ರ ಒಳಗೆ.

ಆಯಿ ಆರೋಗ್ಯಮ್ಮ
ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಏಳುತ್ತಿರಲಿಲ್ಲ.
ಕೂತಲ್ಲಿಂದಲೇ ಹೆಬ್ಬೆರಳು ಚಾಚಿ
ಹಣೆಯ ಮೇಲೊಂದು ಗೀಟು,
ಅದರ ಮೇಲೊಂದು ಅಡ್ಡ ಗೀಟು.
ತುಟಿಯೊಳಗೆ ಏನೋ ಅನ್ನುತ್ತಿದ್ದಳು,
ಸೈರನ್ನಿನ ಕೂಗಿನಲ್ಲಿ ಅದು ಮುಳುಗಿಹೋಗುತ್ತಿತ್ತು.

ಜೋಳದ ಹಿಟ್ಟಿನ ಆ ಶಿಲುಬೆಯ ಮೇಲೆ
ಹೆಲ್ಮೆಟ್ಟು ಕೂತುಬಿಡುತ್ತಿತ್ತು.
ಬೆಳಗ್ಗೆ ಬಂದಾಗ ಹಣೆ ತುಂಬ ಕಲ್ಲಿನ ಧೂಳು.
‘ಎಲ್ಲಿ ಹೋತು ಅಪ್ಪಾ?’ ಅಂದರೆ
‘ಒಳಗ ಇಳಿದದ’ ಅನ್ನುತ್ತಿದ್ದ.
ಚಿನ್ನವೂ ಹಾಗೇ ಇಳಿದಿರಬೇಕು
ಅಂದುಕೊಂಡಿದ್ದೆ ನಾನು.

ನನಗೂ ಹಚ್ಚಿದಳು,
ಲಿಂಗಸುಗೂರಿನ ಹೈಸ್ಕೂಲಿಗೆ ಹೋದ ಮೊದಲ ದಿನ.
ಗೆಳತಿಯರು ನಕ್ಕಾರೆಂದು
ಬಸ್ಸಿನಲ್ಲೇ ಕರವಸ್ತ್ರ ತೆಗೆದು ಒರೆಸಿಕೊಂಡೆ.
ಆ ಕರವಸ್ತ್ರವನ್ನು ಆಯಿಯೇ ಒಗೆದಳು.
ಏನೂ ಅನ್ನಲಿಲ್ಲ.

ಅವಳು ಹೋದದ್ದು ತಪಸ್ಸುಕಾಲದ ಮೂರನೆಯ ವಾರ.
ತುಟಿಯೊಳಗಿನ ಮಾತು ಏನೆಂದು
ಕೇಳುವುದು ಉಳಿದೇಹೋಯಿತು.

ಈಗ ರಾಯಚೂರಿನ ಕಣ್ಣಿನ ದವಾಖಾನೆ.
ಅಪ್ಪನಿಗೆ ಹಸಿರು ಅಂಗಿ ತೊಡಿಸಿದ್ದಾರೆ,
ಬಲಗಣ್ಣಿನ ಮೇಲೆ ಪೆನ್ನಿನಲ್ಲಿ ಗುರುತು.
ಮೂವತ್ತೆರಡು ವರ್ಷ ಕತ್ತಲೆಗೆ ಇಳಿದು ಹತ್ತಿದವನು
ಒಂದು ಪೊರೆ ತೆಗೆಸಲಿಕ್ಕೆ ಹೆದರಿ ಕೂತಿದ್ದಾನೆ.
ಪಕ್ಕದ ಹಾಸಿಗೆಯ ಮೌಲಾಸಾಬರಿಗೆ
ಮಗ ಏನೋ ಓದಿ, ಮುಖಕ್ಕೆ ಮೆಲ್ಲಗೆ ಊದಿ ಕಳಿಸಿದ.
ಅದನ್ನು ನೋಡಿದ ಅಪ್ಪ,
ನೋಡಿ, ನನ್ನ ಮುಂದೆ ಬಾಗಿದ.

‘ಅವ್ವ ಮಾಡ್ತಿದ್ದಳಲ್ಲ, ಅದು.’

‘ನಾ ಸಣ್ಣಾಕಿ ಅಪ್ಪಾ, ನೀ ನನಗ ಮಾಡಬೇಕು.’

‘ಕೊಡಾವ ಮ್ಯಾಲಿದ್ದಾನ. ನಡುವಿನ ಕೈಗೆ
ಸಣ್ಣದೇನು ದೊಡ್ಡದೇನು? ಮಾಡು.’

‘ಆಯಿ ಏನಂತಿದ್ದಳು?’

‘ಒಮ್ಮೆ ಕೇಳಿದ್ದೆ. ಏನಿಲ್ಲೋ ಮಗನ,
ನಿನ್ನ ಹೆಸರು ಹೇಳ್ತೀನಿ ಅಷ್ಟ,
ಮುಂದಿಂದು ಅವಗ ಗೊತ್ತದ, ಅಂದಳು.’

ಅಪ್ಪನ ಹೆಸರು!
ಅರ್ಜಿಗಳಲ್ಲಿ ಬರೆದಿದ್ದೇನೆ,
ರೇಷನ್ ಕಾರ್ಡಿನಲ್ಲಿ ಓದಿದ್ದೇನೆ,
ಅವನ ಮುಖದೆದುರು ಎಂದೂ ಅಂದವಳಲ್ಲ.

ಬೆರಳಲ್ಲಿ ಹಿಟ್ಟಿಲ್ಲ;
ಬಿಸ್ಕತ್ತಿನ ಪುಡಿ, ಸ್ಯಾನಿಟೈಸರಿನ ವಾಸನೆ.
ಹಣೆ ಮುಟ್ಟಿದೆ.
ಹೆಲ್ಮೆಟ್ಟಿನ ಪಟ್ಟಿ ಕೂತು ಕೂತು ಬಿದ್ದ ಗೆರೆ
ಇನ್ನೂ ಅಲ್ಲೇ ಇದೆ.
ಅದನ್ನೇ ಅಡ್ಡ ಗೀಟು ಮಾಡಿಕೊಂಡು
ಉದ್ದನೆಯದೊಂದನ್ನು ಎಳೆದೆ.

‘ಇನ್ನಾಸಪ್ಪ’ ಅಂದೆ,
ಅಪರಾತ್ರಿಯಲ್ಲಿ ಯಾರದೋ ಬಾಗಿಲು ತಟ್ಟುವವಳ ಹಾಗೆ.

ಒಳಗಿನಿಂದ ನರ್ಸು ಅದೇ ಹೆಸರು ಕೂಗಿದಳು.
‘ಬಂದೆ’ ಅಂದ ಅಪ್ಪ,
ಯಾರಿಗೆ ಅಂದನೋ.
ಕನ್ನಡಕ ನನ್ನ ಕೈಯಲ್ಲಿ ಉಳಿಯಿತು.