ಎಡಗಡೆ ಖಾಲಿ ಸಾಲು

ಅರಸೀಕೆರೆ, ದಸ್ತಗೀರ್ ಸಾಬರ ರೇಡಿಯೊ ರಿಪೇರಿ ಅಂಗಡಿ.
ಮಾಳಿಗೆ ಮೇಲೆ ಮೂವರು:
ಸಾಬರು, ಮೊಮ್ಮಗಳು ತರನ್ನುಮ್,
ರಾತ್ರಿ ಪಾಳಿಗೆ ಹೊರಟಿದ್ದ ಸಿಗ್ನಲ್ ಕೆಲಸದ ನಾನು.
ಬಡಗಿಯ ಉಕ್ಕಿನ ಟೇಪು ಕತ್ತರಿಸಿ
ಪೈಪಿಗೆ ಬಿಗಿದ ಆಂಟೆನಾ;
ಅದರ ಮೈಮೇಲೆ ಇನ್ನೂ ಇಂಚುಗಳಿವೆ.

ನೂರ ನಲವತ್ತೈದು ಪಾಯಿಂಟ್ ಎಂಟು.
ಆರು ಐವತ್ತೆರಡಕ್ಕೆ ಎದ್ದಿತು ಚುಕ್ಕಿ,
ಗೊರಗೊರ ತೆಳುವಾಗಿ ದನಿಯಾಯಿತು.
ಯಾವುದೋ ದೇಶದ ಯಾವುದೋ ಶಾಲೆ ಕೇಳುತ್ತಿದೆ.
ನೆಲದ ಮಾತು ನಮಗೆ ಮುಟ್ಟದು,
ಮೇಲಿನಿಂದ ಬರುವುದು ಉತ್ತರ ಮಾತ್ರ.

"ಇಲ್ಲ, ಪೇಸ್ಟು ನುಂಗಿಬಿಡ್ತೀವಿ. ಓವರ್."
"ಗೋಡೆಗೆ ಕಟ್ಟಿಕೊಂಡು. ಓವರ್."
ತರನ್ನುಮ್ ಲೆಕ್ಕದ ನೋಟುಬುಕ್ಕಿನಲ್ಲಿ
ಎಡಗಡೆ ಜಾಗ ಬಿಟ್ಟು ಬಲಕ್ಕೆ ಬರೆದಳು.
ಜಂಕ್ಷನ್ ದಾಟಿದ ರೈಲಿನ ಶಿಳ್ಳೆಯಂತೆ
ಇಳಿಯುತ್ತ ಜಾರುವ ದನಿಯ ಹಿಂದೆಯೇ
ಸಾಬರ ಬೆರಳು, ತಿರುಪಿನ ಮೇಲೆ, ಕೂದಲೆಳೆಯಷ್ಟು.

"ಹೌದು."
ಆಮೇಲೆ ತುಸು ಹೊತ್ತು ಬರೀ ಗಾಳಿ.
"ದಿನಾ ಅಲ್ಲ. ಓವರ್."
ಅಷ್ಟರಲ್ಲಿ ಹಿರೇಕಲ್ ಗುಡ್ಡದಾಚೆ ಮುಗಿದೇಹೋಯಿತು.

ಬೆಳಗಾಗುವುದರೊಳಗೆ ಎಡಗಡೆಯೆಲ್ಲ ತುಂಬಿಸಿದ್ದಳು ಹುಡುಗಿ,
ಹಲ್ಲು ಹೇಗೆ ಉಜ್ತೀರಿ, ಎಲ್ಲಿ ಮಲಗ್ತೀರಿ.
ಅದೊಂದು ಸಾಲು ಖಾಲಿ.
ಭಯದ ಬಗ್ಗೆ ಕೇಳಿರಬೇಕು, ಅಂತಾರೆ ಸಾಬರು.
ಅಲ್ಲ, ಮಣ್ಣಿನ ವಾಸನೆ, ಅಂತೀನಿ ನಾನು.
ಅವಳು ಪೆನ್ಸಿಲ್ ಕೊಡುವುದಿಲ್ಲ.