ಹದಿನೇಳು ಮೆಟ್ಟಿಲು

ಮೊದಲ ದಿನ ಹದಿನೇಳೇ ಮೆಟ್ಟಿಲು.
ಕೂತುಬಿಟ್ಟೆ. ಕೋಟೆಗುಡ್ಡವೂ ಕೂತಿತ್ತು,
ಎಬ್ಬಿಸಿದರೂ ಏಳದ ಎಮ್ಮೆಯ ಹಾಗೆ.

ನರ್ಸ್ ಹಂಪಮ್ಮ ಗುಳಿಗೆ ಚೀಟಿಯ ಹಿಂದೆ ಬರೆದಿದ್ದಳು:
ದಿನಾ ನಡೀಬೇಕು, ಬಿಸಿಲಿಗೆ ಮುಂಚೆ.
ಬಳ್ಳಾರಿಯಲ್ಲಿ ಬಿಸಿಲಿಗೆ ಮುಂಚೆ ಅಂದರೆ
ಹೆಚ್ಚುಕಡಿಮೆ ನಿನ್ನೆಯೇ.

ಮಷಿನ್ನಿನ ಮುಂದೆ ಸೂಜಿ ಓಡುತ್ತಿತ್ತು, ನಾನಲ್ಲ.
ದಿನಕ್ಕೆ ಇನ್ನೂರು ಜೀನ್ಸಿಗೆ ಜಿಪ್ಪು,
ಉಗುರಲ್ಲಿ ನೀಲಿ, ಕಲಸಿದ ಅನ್ನದಲ್ಲೂ ನೀಲಿ.
ಏನಾಯ್ತೇ ಅಂತ ಯಾರಾದರೂ ಕೇಳಿದರೆ
ಹೇಳೋದಕ್ಕೆ ಒಂದು ಸಾವಾದರೂ ಇರಬೇಕಿತ್ತು ಮನೆಯಲ್ಲಿ.
ಇರಲಿಲ್ಲ. ಏನೂ ಆಗಿರಲಿಲ್ಲ.
ತಲೆ ಬಾಚಿಕೊಳ್ಳುವುದು ಮಾತ್ರ ಆಗುತ್ತಿರಲಿಲ್ಲ.

ಎರಡನೆಯ ದಿನ ಹೋಗಲಿಲ್ಲ.
ಮೂರನೆಯ ದಿನ, ಚಪ್ಪಲಿ ಮೆಟ್ಟಿಯಾಗಿದೆಯಲ್ಲ
ಎಂಬ ಒಂದೇ ಕಾರಣಕ್ಕೆ ಹೋದೆ.
ಇಪ್ಪತ್ತೊಂದು.

ಹೀಗೇ ಏರುತ್ತ ಹೋದೆ ಅಂದರೆ ಸುಳ್ಳಾದೀತು.
ನಡುವೆ ಒಂದು ವಾರ ಗೋಡೆ ಕಡೆ ಮುಖ ಮಾಡಿ ಮಲಗಿದೆ,
ಮತ್ತೆ ಹದಿನೇಳರಿಂದ.
ಆದರೆ ಒಂದು ಸಂಜೆ ಕೊಡ ತಿಕ್ಕಿಟ್ಟೆ. ಕಿಟಕಿ ತೆಗೆದೆ.
ರಾತ್ರಿ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿದೆ,
ಅದೂ ನಿದ್ದೆ ಮಾಡಲಿ.

ಇವತ್ತು ಅರ್ಧ ಗುಡ್ಡದಲ್ಲಿ ಬಂಡೆಗೆ ಬೆನ್ನು ಕೊಟ್ಟೆ.
ನಿನ್ನೆಯ ಬಿಸಿಲು ಇನ್ನೂ ಬೆಚ್ಚಗಿತ್ತು ಅದರೊಳಗೆ.
ಎದೆ ಡವಡವ ಅನ್ನುತ್ತಿತ್ತು
ಭಯಕ್ಕಲ್ಲ, ಹತ್ತಿದ್ದಕ್ಕೆ.
ಎರಡೂ ಬೇರೆ ಅಂತ ತಿಳಿಯಲು ಐದು ತಿಂಗಳು ಹಿಡಿಯಿತು.

ಕೆಳಗೆ ಕೌಲ್ ಬಜಾರಿನಲ್ಲಿ ಯಾರೋ
ಒಗ್ಗರಣೆಯ ಜೊತೆಗೆ ಮಿರ್ಚಿ ಕರಿಯುತ್ತಿದ್ದಿರಬೇಕು.
ವಾಸನೆ ಇಷ್ಟು ಮೇಲೆ ಬರುವುದಿಲ್ಲ, ಗೊತ್ತು.
ಆದರೂ ಹಸಿವಾಯಿತು.